ಟಕ್ ಮೇಸ್ತ್ರಿ ತಟ್ಟಿದ ಮನೆಗಳು

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಕರೆಯುವವರಿಲ್ಲದೆ ಅದು ಮೂಲೆ ಸೇರಿತ್ತು, ಅಷ್ಟೆ. ಊರಿಗೆಲ್ಲ ಅವನು ಟಕ್ ಮೇಸ್ತ್ರಿ. ನೆಲ ಹಾಸುವ ಮೇಸ್ತ್ರಿಗಳು ಗಲ್ಲಿಗೊಬ್ಬರು ಸಿಗುತ್ತಾರೆ. ದಾರ ಕಟ್ಟಿ, ರಸಮಟ್ಟ ಇಟ್ಟು, ಟೈಲ್ಸು ಒತ್ತಿ, ಸಂದಿಗೆ ಸಿಮೆಂಟು ಬಳಿದು, ಕೈ ತೊಳೆದುಕೊಂಡು ಹೋಗುವವರು. ಟಕ್ ಮೇಸ್ತ್ರಿ ಆ ಪೈಕಿಯವನಲ್ಲ. ತಾನು ಹಾಸಿದ ಒಂದೊಂದು ಟೈಲ್ಸನ್ನೂ ಮಾರನೆಯ ದಿನ ಮಂಡಿಯೂರಿ ಕುಳಿತು, ಮರದ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಿದ್ದ. ನಾಲ್ಕು ಮೂಲೆಗೆ ನಾಲ್ಕು, ನಡುವಿಗೊಂದು, ಒಟ್ಟು ಐದು ಏಟು. ಕೆಳಗೆ ಗಾರೆ ತುಂಬಿ ಕೂತಿದ್ದರೆ ‘ಟಕ್’ ಅನ್ನುತ್ತದೆ. ಗಾಳಿ ಉಳಿದಿದ್ದರೆ ‘ಡೊಬ್’ ಅನ್ನುತ್ತದೆ. ಡೊಬ್ ಅಂದದ್ದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಟು ಮಾರ್ಕು. ಮಾರ್ಕು ಬಿದ್ದ ಟೈಲ್ಸು ಏಳಲೇಬೇಕು, ಮನೆಯವರು ಬೇಡವೆಂದರೂ ಏಳಲೇಬೇಕು.

ಒಮ್ಮೆ ಒಬ್ಬ ವಕೀಲರ ಮನೆಗೆ ನೆಂಟರು ಬಂದಿಳಿದ ದಿನವೇ ನಡುಮನೆಯ ಆರು ಟೈಲ್ಸು ಎಬ್ಬಿಸಿ, ವಕೀಲರ ಅತ್ತೆಯನ್ನು ಎರಡು ದಿನ ಹಲಗೆಯ ಮೇಲೆ ನಡೆಸಿದ್ದ. ವಕೀಲರು ಕೋರ್ಟಿನಲ್ಲೂ ಕೂಗದಷ್ಟು ಕೂಗಾಡಿದರು. ಇವನು ತಲೆ ಕೆಡಿಸಿಕೊಳ್ಳಲಿಲ್ಲ. “ನೀವು ಬೈದ್ರೆ ನನಗೆ ಕೇಳಿಸುತ್ತೆ ಸಾರ್. ಆದ್ರೆ ನೆಲ ಬೈದಿದ್ದು ಅದಕ್ಕಿಂತ ಜೋರಾಗಿ ಕೇಳಿಸಿತು” ಅಂದನಂತೆ. ಆ ಮಾತು ಊರೆಲ್ಲ ಓಡಾಡಿತು. ಅಲ್ಲಿಂದ ಮುಂದೆ ಮನೆ ಕಟ್ಟಿಸುವವರು, ಹಳೇ ಮನೆ ರಿಪೇರಿ ಮಾಡಿಸುವವರು, ಕೊಳ್ಳುವ ಮುಂಚೆ ಅನುಮಾನ ಬಂದವರು, ಎಲ್ಲರೂ ಅವನನ್ನೇ ಕರೆದರು. ಅವನು ಸೈ ಅಂದರೆ ಸೈ.

ಇಂಥ ಮನುಷ್ಯನ ಕಿವಿ ಕೆಟ್ಟಿತು, ನೋಡಿ. ಕಾಲು ಮುರಿದಿದ್ದರೆ ಕೂತು ಕೆಲಸ ಮಾಡುತ್ತಿದ್ದ. ಕಣ್ಣು ಮಂಜಾಗಿದ್ದರೆ ಕನ್ನಡಕ ಹಾಕಿಕೊಳ್ಳುತ್ತಿದ್ದ. ಕೆಟ್ಟದ್ದು ಕಿವಿಯೇ!

ಕೆಡದೆ ಇನ್ನೇನು. ಕಲ್ಲು ಕೊಯ್ಯುವ ಮಿಷನ್ನು ಮೂವತ್ತು ವರ್ಷ ಪಕ್ಕದಲ್ಲೇ ಕಿರುಚಿದೆ. ಹತ್ತಿಯಾದರೂ ಇಟ್ಟುಕೊಳ್ಳಪ್ಪಾ ಎಂದವರಿಗೆ, “ಕಿವಿ ಮುಚ್ಕೊಂಡು ನೆಲ ಹಾಸೋದಾ? ಕಣ್ಣು ಮುಚ್ಕೊಂಡು ಬಸ್ಸು ಓಡಿಸ್ತೀರಾ ನೀವು?” ಎಂದು ಬಾಯಿ ಮುಚ್ಚಿಸುತ್ತಿದ್ದ. ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಳದ ಗುಬ್ಬಿಗಳು ಸುಮ್ಮನಾದವು. ಗುಬ್ಬಿಗಳು ಇದ್ದವು, ಕೊಕ್ಕನ್ನೂ ಆಡಿಸುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ಅವನು ಲೋಟ ಹಿಡಿದು ಬಹಳ ಹೊತ್ತು ನಿಂತಿದ್ದ. ಎದುರಿಗೆ ನಿಂತು ಆಡಿದ ಮಾತು ತುಟಿ ನೋಡಿಕೊಂಡರೆ ಹೇಗೋ ತಿಳಿಯುತ್ತಿತ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ. ಅದಾದ ಕೆಲವು ತಿಂಗಳಿಗೆ ಮಗಳು ಹೆತ್ತಳು. ಹೆಂಡತಿ ಆಸ್ಪತ್ರೆ, ಬಾಣಂತನ ಎಂದು ಓಡಾಡುತ್ತಿದ್ದಾಗ ತಾನೂ ಸುಮ್ಮನಿರಲಾರದೆ ಮಗಳ ಮನೆಯ ಮಹಡಿಗೆ ಹಳೇ ನೆಲದ ಮೇಲೆ ಹೊಸ ಕಲ್ಲು ಹಾಸಿಕೊಟ್ಟ. ಮೊಮ್ಮಗಳಿಗೆ ತಾತನ ಉಡುಗೊರೆ. ಬಂದವರೆಲ್ಲ ಹೊಗಳಿದರು.

ಆಮೇಲಿನದು ಕುಕ್ಕರಿನ ಕಥೆ. ಅಡುಗೆಮನೆಯಲ್ಲಿ ಕುಕ್ಕರಿನ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಹಿತ್ತಲಿನಿಂದ ಹೆಂಡತಿ ಓಡಿ ಬಂದು ಒಲೆ ಆರಿಸಿದಾಗಲೇ ಅವನಿಗೆ ಗೊತ್ತಾದದ್ದು, ಅದು ಹತ್ತಾರು ಸಲ ಕೂಗಿ ತಳ ಹಿಡಿದಿದೆ ಎಂದು. “ಒಂಚೂರು ತೂಕಡಿಕೆ ಬಂದಿತ್ತು ಕಣೇ” ಎಂದ. ಅವಳು ಅವನ ಮುಖ ನೋಡಿದಳು, ಮಡಿಲ ಮೇಲೆ ತೆರೆದಿದ್ದ ಪೇಪರನ್ನು ನೋಡಿದಳು, ಸುಮ್ಮನೆ ಕುಕ್ಕರು ತಿಕ್ಕಲು ಕೂತಳು.

ಈ ಹೆಂಡತಿಯ ಬಗ್ಗೆ ಹೇಳದಿದ್ದರೆ ಮೇಸ್ತ್ರಿಯ ಕಥೆ ಅರ್ಧವೇ. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬಂದವಳು, ಗಂಡ ಸಂದಿ ತುಂಬುವುದನ್ನು ನೋಡಿ, “ಅಯ್ಯೋ, ಇದೇನು ಗೋಡೆಗೆ ಮೆತ್ತಿದ ಹಾಗೆ ಮೆತ್ತುತ್ತೀರ್ರೀ, ಇತ್ತ ಕೊಡಿ” ಎಂದು ಕರಣೆ ಕಿತ್ತುಕೊಂಡಿದ್ದಳು. ಅವತ್ತಿನಿಂದ ಅವನು ಹಾಸುವುದು, ಅವಳು ಸಂದಿ ತುಂಬುವುದು. ಎಲ್ಲರ ಬಾಯಲ್ಲೂ ಅವಳು ಸಂದಿಯಕ್ಕ. ಇಪ್ಪತ್ತೈದು ವರ್ಷ ಅವನ ಹಿಂದೆ ಮಂಡಿಯೂರಿ ಬಂದವಳಿಗೆ ಟಕ್ಕಿಗೂ ಡೊಬ್ಬಿಗೂ ವ್ಯತ್ಯಾಸ ಗೊತ್ತಾಗದಿರುತ್ತದೆಯೇ? ಡೊಬ್ ಅಂದಾಗ ಅವಳ ಎಡಹುಬ್ಬು ಮೇಲೆ ಹಾರುತ್ತಿತ್ತು.

ಮೇಸ್ತ್ರಿಗೆ ಅದೇ ದಾರಿಯಾಯಿತು. ಎರಡು ಸದ್ದೂ ಕಂಬಳಿ ಮೇಲೆ ಗುದ್ದಿದ ಹಾಗೆ ಒಂದೇ ತೆರನಾಗಿ ಕೇಳತೊಡಗಿದ ಮೇಲೆ, ಅವನು ತಟ್ಟುವಾಗ ನೆಲ ನೋಡುವುದನ್ನು ಬಿಟ್ಟು ಹೆಂಡತಿಯ ಹುಬ್ಬು ನೋಡತೊಡಗಿದ. ಹುಬ್ಬು ಹಾರಿದರೆ ಇಂಟು ಮಾರ್ಕು. ಹತ್ತು ತಿಂಗಳು ಹೀಗೇ ನಡೆಯಿತು, ಒಂದೂ ತಪ್ಪಲಿಲ್ಲ. ಅವಳಿಗೆ ಗೊತ್ತಿಲ್ಲದೆ ಅವಳ ಕಿವಿಯನ್ನೇ ಕದ್ದು ಬಳಸುತ್ತಿದ್ದೇನೆ ಎಂದು ಒಳಗೊಳಗೇ ನಾಚಿಕೆಯಾಗುತ್ತಿತ್ತು. ಆದರೆ ಹೇಳುವುದು ಹೇಗೆ? ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡ ಮೇಸ್ತ್ರಿ ಸೈ ಅಂದ ನೆಲದ ಮೇಲೆ ಯಾರು ಕಾಲಿಡುತ್ತಾರೆ?

ಅಂಥ ಹೊತ್ತಿನಲ್ಲಿ ಕರೆ ಬಂದದ್ದು ಸೈಕಲ್ ರಿಪೇರಿಯವನ ಮನೆಯಿಂದ.

ಅದು ಮನೆಯೋ ಸಂತೆಯೋ ಎನ್ನುವಂತಿತ್ತು. ಎರಡು ಅಂತಸ್ತು, ಒಂಬತ್ತು ಜನ, ಒಂದು ನಾಯಿ. ಕೆಳಗೆ ರಸ್ತೆಗೆ ಮುಖ ಮಾಡಿ ಹಿರಿಮಗನ ಸೈಕಲ್ ಅಂಗಡಿ, ಅದರ ಹಿಂದೆ ಒಂದು ದೊಡ್ಡ ಕೋಣೆ. ಆ ಕೋಣೆಯಲ್ಲಿ ಅಜ್ಜಿಯ ಮಂಚ, ಮಂಚದ ಸುತ್ತ ನಾಲ್ಕು ಮೊಮ್ಮಕ್ಕಳ ಹಾಸಿಗೆ. ಮಹಡಿಯ ಮೇಲೆ ಅಡುಗೆಮನೆ, ಬಚ್ಚಲು ಮತ್ತು ಎಲ್ಲರೂ ಉಣ್ಣುವ, ಓದುವ, ಜಗಳವಾಡುವ ಹಾಲ್. ಹಾಲಿನ ಅರ್ಧಭಾಗ ಹಿರಿಸೊಸೆಯ ಹೊಲಿಗೆಯ ಕಾರಖಾನೆ, ಮೂರು ಮಿಷನ್ನು. ಕಿರಿಮಗ, ಕಿರಿಸೊಸೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಮನೆ ನಡೆಸುವವಳು ಹಿರಿಸೊಸೆಯೇ. ಮಾತು ಕತ್ತರಿಯ ಹಾಗೆ, ಮನಸ್ಸು ಮಾತ್ರ ಒಳ್ಳೆಯದು.

“ಮೇಸ್ತ್ರಿಗಳೇ, ನನಗೆ ಚೆಂದ ಬೇಡ” ಎಂದು ಶುರು ಮಾಡಿದಳು. “ಈ ಹಾಳಾದ ಟೈಲ್ಸು ಒಡೆದು ಒಡೆದು ದಾರ ಸಿಕ್ಕಾಕ್ಕೊಳ್ಳುತ್ತೆ, ಮಕ್ಕಳ ಕಾಲು ಕೊಯ್ಯುತ್ತೆ. ನಾನು ಸತ್ತ ಮೇಲೂ ಇರೋ ಅಂಥ ನೆಲ ಬೇಕು.”

ಮೇಸ್ತ್ರಿ ನಾಲ್ಕು ಮಾದರಿ ತಂದು ಸಾಲಾಗಿ ಇಟ್ಟ. ಅವಳು ಪರೀಕ್ಷೆ ಮಾಡಿದ ಬಗೆ ನೋಡಿ ಅವನಿಗೇ ಖುಷಿಯಾಯಿತು. ಮರದ ಹಲಗೆಯ ಮೇಲೆ ನಾಯಿಯನ್ನು ಓಡಿಸಿದಳು. ಉಗುರಿನ ಗೀರು ಬಿತ್ತು, ಹಲಗೆ ಹೊರಗೆ ಹೋಯಿತು. ಕನ್ನಡಿಯಂತೆ ಹೊಳೆಯುವ ಟೈಲ್ಸಿನ ಮೇಲೆ ಸೋಪಿನ ನೀರು ಚೆಲ್ಲಿ ತಾನೇ ಹೆಜ್ಜೆಯಿಟ್ಟಳು, ಜಾರಿ ಮೇಸ್ತ್ರಿಯ ತೋಳು ಹಿಡಿದುಕೊಂಡಳು, ಅದೂ ಹೊರಗೆ. ಒರಟು ಟೈಲ್ಸಿನ ಮೇಲೆ ಮಿಷನ್ ಎಣ್ಣೆ ಸುರಿದು ಒರೆಸಿದರೆ ಕಲೆ ಹಾಗೇ ಉಳಿಯಿತು. ಕೊನೆಗೆ ಉಳಿದದ್ದು ಹೆಚ್ಚು ಪಾಲಿಶ್ ಮಾಡದ ಕಪ್ಪು ಕಲ್ಲು. ಬೀಗದ ಕೈಯಿಂದ ಗೀರಿದಳು, ಶಾಯಿ ಚೆಲ್ಲಿದಳು, ಇಸ್ತ್ರಿಪೆಟ್ಟಿಗೆ ಎತ್ತಿ ಹಾಕಿದಳು. ಕಲ್ಲಿಗೆ ಏನೂ ಆಗಲಿಲ್ಲ, ಇಸ್ತ್ರಿಪೆಟ್ಟಿಗೆಯ ಮೂಗು ಸೊಟ್ಟಗಾಯಿತು.

“ಇದೇ ಇರಲಿ” ಎಂದಳು. “ಆದ್ರೆ ಹಳೇದನ್ನ ಒಡೆಯೋ ಹಾಗಿಲ್ಲ. ಒಡೆದ ಧೂಳು ಬಟ್ಟೆ ಮೇಲೆ ಕೂತ್ರೆ ನನ್ನ ಗಿರಾಕಿಗಳು ನನ್ನನ್ನೇ ಒಡೀತಾರೆ. ಇದರ ಮೇಲೇನೇ ಹಾಸಬಹುದಾ?”

“ಕೆಳಗಿನದು ಗಟ್ಟಿ ಇದ್ರೆ ಹಾಸಬಹುದಮ್ಮ. ಕಲ್ಲು ಭಾರ. ಮೊದಲು ತಟ್ಟಿ ನೋಡಬೇಕು.”

“ನೋಡಿ ಮತ್ತೆ. ನೀವು ಸೈ ಅಂದ್ರೆ ಸೈ.”

ಆ ದಿನ ಹೆಂಡತಿ ಜೊತೆಯಲ್ಲಿರಲಿಲ್ಲ. ಅವಳ ತಮ್ಮ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಒಂದು ವಾರ ಅವನ ಆರೈಕೆಗೆಂದು ಹೋಗಿದ್ದಳು. “ನಾನು ಬರೋವರೆಗೂ ತಟ್ಟೋ ಕೆಲಸ ಇಟ್ಕೋಬೇಡಿ” ಎಂದು ಬಾಗಿಲಲ್ಲಿ ನಿಂತು ಹೇಳಿದ್ದಳು. ಯಾಕೆ ಹಾಗೆ ಹೇಳಿದಳು ಎಂದು ಅವನು ಆಗ ಯೋಚಿಸಲಿಲ್ಲ.

ಈಗ ನಾಳೆ ಬರುತ್ತೇನೆ, ವಾರ ಬಿಟ್ಟು ತಟ್ಟುತ್ತೇನೆ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಹಿರಿಸೊಸೆ ಮೂರೂ ಮಿಷನ್ನು ನಿಲ್ಲಿಸಿ, ಮಕ್ಕಳಿಗೆ “ಶ್, ಮೇಸ್ತ್ರಿ ಮಾವ ಕೇಳಿಸ್ಕೋಬೇಕು, ಯಾರೂ ಉಸಿರೆತ್ತಬೇಡಿ” ಎಂದುಬಿಟ್ಟಳು. ಮನೆಯೆಲ್ಲ ಅವನಿಗಾಗಿ ಮೌನವಾಯಿತು. ಆ ಮೌನದಲ್ಲಿ ಮೇಸ್ತ್ರಿ ಮಂಡಿಯೂರಿ ಕುಳಿತ. ತಟ್ಟಿದ. ಕಂಬಳಿಯ ಮೇಲೆ ಗುದ್ದಿದ ಸದ್ದು. ಮುಂದಿನದು, ಅದೇ ಸದ್ದು. ಅವನು ತಲೆ ವಾಲಿಸಿ, ಕಣ್ಣು ಮುಚ್ಚಿ, ಬಹಳ ತಿಳಿದವನಂತೆ ಹಾಲಿನ ಈ ಮೂಲೆಯಿಂದ ಆ ಮೂಲೆಯವರೆಗೂ ತಟ್ಟುತ್ತಾ ಹೋದ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಬಚ್ಚಲಿನ ಗೋಡೆಯ ಹತ್ತಿರ ಬಂದಾಗ ಕಿರಿಯ ಮೊಮ್ಮಗಳು, ನಾಲ್ಕು ವರ್ಷದ ಪುಟ್ಟಿ, ಉಸಿರು ಹಿಡಿಯಲಾರದೆ ಕುಪ್ಪಳಿಸಿತು. ಮೇಸ್ತ್ರಿಯ ಎಡಗೈ ನೆಲದ ಮೇಲಿತ್ತು. ಅಂಗೈಯ ಕೆಳಗೆ ಏನೋ ಸಣ್ಣಗೆ ನಡುಗಿದ ಹಾಗಾಯಿತು.

ಅವನು ಕೈ ತೆಗೆಯದೆ ಒಂದು ಕ್ಷಣ ಹಾಗೇ ಇದ್ದ. ತನ್ನ ಕೈಯೇ ನಡುಗಿರಬೇಕು ಅಂದುಕೊಂಡ. ಅಂದುಕೊಳ್ಳುವುದು ಸುಲಭವಾಗಿತ್ತು, ಯಾಕೆಂದರೆ ಕೈ ನಿಜವಾಗಿಯೂ ನಡುಗುತ್ತಿತ್ತು.

“ಗಟ್ಟಿಯಾಗಿದೆಯಮ್ಮ. ಧೈರ್ಯವಾಗಿ ಹಾಸಬಹುದು” ಎಂದ.

ಪಾಪಿ ನಾಲಿಗೆ! ಒಂದು ಮಾತು ತಡೆದಿದ್ದರೆ ಆಗುತ್ತಿತ್ತು.

ಕೆಲಸ ಶುರುವಾಯಿತು. ಹಮಾಲರು ಕಲ್ಲು ಹೊತ್ತು ತಂದು ಮಹಡಿಗೆ ಹಾಕಿ ಹೋದರು. ಕೊಯ್ಯುವುದೆಲ್ಲ ಹಿತ್ತಲಿನಲ್ಲಿ, ಧೂಳು ಒಳಗೆ ಬರಬಾರದೆಂದು ಹಿರಿಸೊಸೆಯ ಆಜ್ಞೆ. ಮೇಸ್ತ್ರಿ ಒಬ್ಬನೇ ದಿನಕ್ಕೆ ಎರಡು ಸಾಲು ಹಾಸುತ್ತಾ ಬಂದ. ಕಲ್ಲು ಕೂತ ಕಡೆಯೆಲ್ಲ ನೋಡಲು ಕಣ್ಣು ತಂಪಾಗುತ್ತಿತ್ತು, ಕಪ್ಪಗೆ, ಸಮತಟ್ಟಾಗಿ. ಮನೆಯವರು ಬಂದು ಬಂದು ಮುಟ್ಟಿ ನೋಡಿದರು.

ನಾಯಿ ಮಾತ್ರ ಮುಟ್ಟಲಿಲ್ಲ. ಮೊದಲು ಅದು ಮಧ್ಯಾಹ್ನದ ಸೆಕೆಗೆ ಬಚ್ಚಲಿನ ಗೋಡೆಗೆ ಒತ್ತಿಕೊಂಡು ಮಲಗುತ್ತಿತ್ತಂತೆ. ಈಗ ಆ ಮೂಲೆಗೆ ಬಂದು, ಕಿವಿ ನಿಮಿರಿಸಿ, ಕಲ್ಲಿನತ್ತ ಮೂಗು ಚಾಚಿ, ಬಾಲ ಮುದುರಿಕೊಂಡು ಹಿಂದೆ ಸರಿಯುತ್ತಿತ್ತು. “ಹೊಸ ಸಿಮೆಂಟಿನ ವಾಸನೆ ಅದಕ್ಕೆ” ಎಂದು ಎಲ್ಲರೂ ನಕ್ಕರು. ಮೂರನೆಯ ದಿನ ಬಚ್ಚಲಿನ ಬಾಗಿಲು ಕೆಳಗೆ ಉಜ್ಜತೊಡಗಿತು. ಹಿರಿಮಗ ಅಂಗಡಿಯಿಂದ ಅರ ತಂದು ಬಾಗಿಲಿನ ಅಡಿ ಉಜ್ಜಿ ಸರಿ ಮಾಡಿದ. ಐದನೆಯ ದಿನ ಮತ್ತೆ ಉಜ್ಜಿತು.

ಅಜ್ಜಿಯದು ಬೇರೆಯೇ ದೂರು. “ಏನಪ್ಪಾ ಮೇಸ್ತ್ರಿ, ನಿನ್ನ ಸಿಮೆಂಟು ನನ್ನ ಹಾಸಿಗೆಗೂ ಇಳೀತಿದೆಯಲ್ಲೋ. ಬೆಳಿಗ್ಗೆ ಎದ್ರೆ ಪೌಡರ್ ಬಳಿದ ಹಾಗಿರ್ತೀನಿ. ಈ ವಯಸ್ಸಲ್ಲಿ ನನ್ನನ್ನ ಯಾರಿಗೆ ತೋರಿಸಬೇಕು ಅಂತಿದೀಯ?”

“ತಾತನೇ ಇಲ್ವಲ್ಲ ಅಜ್ಜೀ, ಇದ್ದಿದ್ರೆ ಖುಷಿ ಪಡ್ತಿದ್ರು” ಎಂದು ಮೇಸ್ತ್ರಿ ನಕ್ಕ. ನಕ್ಕು ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತ. ಕಲ್ಲು ಕೊಯ್ಯುವುದು ಹಿತ್ತಲಿನಲ್ಲಿ. ಅದರ ಧೂಳು ಕಪ್ಪು. ಅಜ್ಜಿಯ ಹಾಸಿಗೆಯ ಮೇಲಿನದು ಬಿಳಿ. ಇಳಿದು ಹೋಗಿ ಛಾವಣಿ ನೋಡಿದ. ಹೋದ ವರ್ಷ ಬಳಿಸಿದ ಬಣ್ಣ ಇನ್ನೂ ಹೊಸದಾಗಿಯೇ ಇತ್ತು. ಬಣ್ಣದ ಮೇಲೆ ಕೂದಲೆಳೆಯಂಥದೊಂದು ಗೆರೆ ಮಂಚದ ನೇರಕ್ಕೆ ಹೋಗಿತ್ತು. ಹಳೇ ಮನೆ, ಗೆರೆ ಇಲ್ಲದ ಛಾವಣಿ ಎಲ್ಲಿದೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟೆದ್ದ.

ಎಂಟನೆಯ ದಿನ ಮಧ್ಯಾಹ್ನ ಹೆಂಡತಿ ಬಂದಳು. ತಮ್ಮನ ಮನೆಯಿಂದ ನೇರ ಕೆಲಸದ ಜಾಗಕ್ಕೇ, ಕೈಯಲ್ಲಿ ಚೀಲ, ಚೀಲದಲ್ಲಿ ಕರಣೆ. ಕೊನೆಯ ಸಾಲು ಮಾತ್ರ ಬಾಕಿಯಿತ್ತು. ಹಿರಿಸೊಸೆ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು, ದೊಡ್ಡ ಮಕ್ಕಳು ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಕೆಳಗೆ ಅಜ್ಜಿ, ಪುಟ್ಟಿ.

“ಚೆನ್ನಾಗಿ ಕೂತಿದೆ” ಎನ್ನುತ್ತಾ ಸಂದಿಯಕ್ಕ ಬರಿಗಾಲಲ್ಲಿ ಹಾಲ್ ದಾಟಿದಳು. ಬಚ್ಚಲಿನ ಹತ್ತಿರ ನಿಂತಳು. ಹಿಮ್ಮಡಿಯಿಂದ ಒಮ್ಮೆ ಒತ್ತಿದಳು. ಚೀಲ ಕೆಳಗಿಟ್ಟಳು.

“ರೀ, ಹಾಸೋ ಮುಂಚೆ ಇಲ್ಲಿ ತಟ್ಟಿ ನೋಡಿದ್ರಾ?”

“ನೋಡದೆ ಹಾಸ್ತೀನೇನೇ? ಹೊಸಬಳ ಹಾಗೆ ಕೇಳ್ತೀಯಲ್ಲ.”

ಅವಳು ಅವನ ಸುತ್ತಿಗೆ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತು ಹಿಡಿಯಿಂದ ತಟ್ಟಿದಳು. ಹುಬ್ಬು ಹಾರಿತು. ಪಕ್ಕದ ಕಲ್ಲಿಗೆ ತಟ್ಟಿದಳು, ಹುಬ್ಬು ಇಳಿಯಲೇ ಇಲ್ಲ. ಅದರ ಪಕ್ಕದ್ದು, ಅದರಾಚೆಯದು. ಮೇಸ್ತ್ರಿ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

“ನಿಮ್ಮ ಕಲ್ಲಿನ ಕೆಳಗೆ ಗಾಳಿ ಇಲ್ಲ” ಎಂದಳು ಮೆಲ್ಲಗೆ. “ಇದು ಅದರ ಕೆಳಗಿನ ಸದ್ದು. ಹಳೇ ನೆಲದ್ದು. ನೀರು ಕುಡಿದು ಕುಡಿದು ಸ್ಲ್ಯಾಬೇ ಕೊಳೆತಿದೆ ರೀ. ಇಷ್ಟು ದೊಡ್ಡ ಡೊಬ್ಬು ನಾನು ಹುಟ್ಟಿದ ಮೇಲೆ ಕೇಳಿಲ್ಲ.”

“ಸುಮ್ನಿರೇ. ನನಗೆ ಗಟ್ಟಿಯಾಗೇ ಕೇಳಿಸ್ತು.”

“ನಿಮಗೆ ಏನೂ ಕೇಳಿಸಿಲ್ಲ.”

ಅವನು ಬಾಯಿ ತೆರೆದ. ಅವಳು ಬಿಡಲಿಲ್ಲ. “ಕುಕ್ಕರ್ ಹೊತ್ತಿದ ದಿನವೇ ನನಗೆ ಗೊತ್ತಾಯ್ತು. ನೀವಾಗಿ ಹೇಳ್ತೀರ ಅಂತ ಕಾದೆ, ಹೇಳ್ಲಿಲ್ಲ. ಹೋಗ್ಲಿ, ನಿಮ್ಮ ಮಾನ ಯಾಕೆ ಕಳೀಲಿ ಅಂತ ಸುಮ್ನಾದೆ. ನೀವು ತಟ್ಟುವಾಗ ನನ್ನ ಮುಖ ನೋಡೋದು ನನಗೆ ಕಾಣಲ್ವಾ? ನಿಮಗೆ ಕಾಣ್ಲಿ ಅಂತಾನೇ ಹತ್ತು ತಿಂಗಳಿಂದ ಹುಬ್ಬು ಹಾರಿಸ್ತಿದ್ದೀನಿ. ನಾನಿಲ್ಲದಾಗ ತಟ್ಟಬೇಡಿ ಅಂದಿದ್ನಲ್ಲಾ! ಅದೊಂದು ಮಾತು ಕೇಳೋಕಾಗ್ಲಿಲ್ವಾ ನಿಮ್ಮ ಕೈಲಿ?”

ಮೇಸ್ತ್ರಿಗೆ ಅಳು ಬಂತು, ನಾಚಿಕೆ ಬಂತು, ಸಿಟ್ಟೂ ಬಂತು. ಯಾವುದಕ್ಕೂ ಹೊತ್ತಿರಲಿಲ್ಲ. “ಇದರ ಕೆಳಗೆ ಏನಿದೆ?” ಎಂದು ಅವಳು ಕೇಳಿದ್ದೇ ತಡ, ಅಜ್ಜಿಯ ಮಂಚ ಕಣ್ಣಿಗೆ ಬಂತು. ಬಿಳಿಯ ಪೌಡರು, ಕೂದಲೆಳೆಯ ಗೆರೆ, ಬಾಗಿಲು, ನಾಯಿ, ಎಲ್ಲವೂ ಒಟ್ಟಿಗೆ ಬಂತು. ಇಬ್ಬರೂ ಮೆಟ್ಟಿಲಿಳಿದು ಓಡಿದರು.

ಅಜ್ಜಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪುಟ್ಟಿ ಮಂಚದ ಪಕ್ಕ ನೆಲದ ಮೇಲೆ ಅಮ್ಮನ ಗುಂಡಿ ಡಬ್ಬಿ ಸುರಿದುಕೊಂಡು ಬಣ್ಣ ಬಣ್ಣದ ಗುಂಡಿಗಳನ್ನು ಸಾಲಾಗಿ ಹಾಸುತ್ತಿತ್ತು. “ನಾನೂ ಮೇಸ್ತ್ರಿ” ಎಂದಿತು ಇವರನ್ನು ಕಂಡು.

“ಅಜ್ಜೀ, ಸ್ವಲ್ಪ ಹೊರಗೆ ಬನ್ನಿ.”

“ಯಾಕಪ್ಪಾ, ಇಲ್ಲೂ ಕಲ್ಲು ಹಾಸ್ತೀಯಾ? ನನ್ನ ಮಂಡಿಗೆ ಈಗ ಎದ್ದು ಓಡಾಡೋ ಶಕ್ತಿ ಇಲ್ಲ, ಸಾಯಂಕಾಲ ಬಾ.”

ಆಗಲೇ ಹಿರಿಸೊಸೆ ಅಂಗಡಿಯ ಬಾಗಿಲಿಂದ ಒಳಗೆ ಬಂದಳು. “ಏನಾಯ್ತು ಮೇಸ್ತ್ರಿಗಳೇ? ಯಾಕೆ ಹೀಗೆ ಏದುಸಿರು?”

ಆ ಗಳಿಗೆಯಲ್ಲೂ, ಅಯ್ಯೋ, ಆ ಗಳಿಗೆಯಲ್ಲೂ ಅವನ ನಾಲಿಗೆ ಮಾನ ಉಳಿಸಿಕೊಳ್ಳಲು ನೋಡಿತು. “ಏನಿಲ್ಲಮ್ಮ, ಸುಮ್ನೆ ಒಂದ್ಸಲ ಛಾವಣಿ ನೋಡೋಣ ಅಂತ. ಹಳೇ ಮನೆಯಲ್ವಾ, ಮೇಲೆ ಭಾರ ಬಿದ್ದಾಗ ಒಂದೊಂದ್ಸಲ ಏನಾಗುತ್ತೆ ಅಂದ್ರೆ…”

ಹೇಳುತ್ತಿದ್ದಂತೆ ಅಜ್ಜಿ ತಲೆಯೆತ್ತಿದಳು. ಹಿರಿಸೊಸೆಯೂ ತಲೆಯೆತ್ತಿದಳು. ಪುಟ್ಟಿ ಕೈಯಲ್ಲಿದ್ದ ಗುಂಡಿ ಹಿಡಿದುಕೊಂಡೇ ಮೇಲೆ ನೋಡಿತು. ಅವರಿಗೆಲ್ಲ ಏನೋ ಕೇಳಿಸಿತ್ತು. ಮೇಸ್ತ್ರಿಗೆ ತನ್ನ ಮಾತು ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ಅವನು ಹೆಂಡತಿಯತ್ತ ತಿರುಗಿದ. ಅವಳ ಹುಬ್ಬು ಹಾರಿತ್ತು.

ಮೇಸ್ತ್ರಿ ಅಜ್ಜಿಯನ್ನು ಸಿಮೆಂಟು ಮೂಟೆ ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ಸಂದಿಯಕ್ಕ ಪುಟ್ಟಿಯ ತೋಳು ಹಿಡಿದೆಳೆದಳು. ಹಿರಿಸೊಸೆಯನ್ನು ಮೇಸ್ತ್ರಿ ಭುಜದಿಂದಲೇ ನೂಕಿದ. ಹೊಸ್ತಿಲು ದಾಟಿ ಸೈಕಲ್ಲುಗಳ ಮೇಲೆ ಎಲ್ಲರೂ ಒಟ್ಟಿಗೆ ಬಿದ್ದರು. ಹಿಂದೆ ಕೋಣೆಯಲ್ಲಿ ಛಾವಣಿಯ ಅರ್ಧ ಕಳಚಿ ಕೆಳಗೆ ಬಂತು. ಆ ಸದ್ದು ಮೇಸ್ತ್ರಿಗೂ ಕೇಳಿಸಿತು.

ಧೂಳು ಇಳಿದಾಗ ಮಂಚ ಕಾಣಲಿಲ್ಲ. ಮಂಚವಿದ್ದಲ್ಲಿ ಕೊಳೆತ ಕಾಂಕ್ರೀಟು, ತುಕ್ಕು ಹಿಡಿದ ಕಂಬಿಗಳು ಮತ್ತು ಅವನು ಸಮತಟ್ಟಾಗಿ ಹಾಸಿದ್ದ ಕಪ್ಪು ಕಲ್ಲುಗಳು. ಕಲ್ಲುಗಳಲ್ಲಿ ಒಂದೂ ಒಡೆದಿರಲಿಲ್ಲ.

ಬೀದಿ ತುಂಬ ಜನ ಸೇರಿದರು. ಅಜ್ಜಿಯ ಮೊಣಕೈ ತರಚಿತ್ತು, ಅಷ್ಟೆ. ಪುಟ್ಟಿ ಗುಂಡಿಗಳು ಹೋದವೆಂದು ಅಳುತ್ತಿತ್ತು. ಹಿರಿಮಗ ಗ್ರೀಸು ಮೆತ್ತಿದ ಕೈಯಿಂದಲೇ ಮೇಸ್ತ್ರಿಯನ್ನು ತಬ್ಬಿಕೊಂಡ. “ದೇವರು ಬಂದ ಹಾಗೆ ಬಂದ್ರಿ! ಬಚ್ಚಲ ನೀರು ಒಳಗೊಳಗೇ ಸೋರಿದೆ, ಯಾರಿಗೆ ಗೊತ್ತಾಗುತ್ತೆ? ಅಷ್ಟರಲ್ಲಿ ನಿಮಗೆ ಗೊತ್ತಾಯ್ತಲ್ಲ, ಅದೇ ನಮ್ಮ ಪುಣ್ಯ.” ಸುತ್ತಲಿದ್ದವರು ತಲೆದೂಗಿದರು. ಟಕ್ ಮೇಸ್ತ್ರಿ ಅಂದ್ರೆ ಸುಮ್ನೇನಾ ಎಂದ ಒಬ್ಬ. ಒಂದು ಹೂಂ ಅಂದಿದ್ದರೆ ಮೇಸ್ತ್ರಿಯ ಹೆಸರು ಇನ್ನೂ ಮೇಲೇರುತ್ತಿತ್ತು.

ಮೇಸ್ತ್ರಿ ಹಿರಿಮಗನ ಕೈ ಬಿಡಿಸಿಕೊಂಡ.

“ಇಲ್ಲಪ್ಪ. ಇದು ನನ್ನಿಂದ ಆಗಿದ್ದು” ಎಂದ. ಹಿರಿಸೊಸೆಯತ್ತ ತಿರುಗಿದ. “ಅಮ್ಮ, ಆವತ್ತು ತಟ್ಟಿ ಗಟ್ಟಿಯಾಗಿದೆ ಅಂದೆನಲ್ಲ, ಸುಳ್ಳು. ನನಗೆ ಏನೂ ಕೇಳಿಸಿರಲಿಲ್ಲ. ನನಗೆ ಕಿವಿ ಕೇಳಲ್ಲ.”

ಹಿರಿಸೊಸೆಯ ಮುಖದ ಮೇಲೆ ಧೂಳು ಮೆತ್ತಿಕೊಂಡಿತ್ತು, ಕಣ್ಣೆರಡು ಮಾತ್ರ ಉರಿಯುತ್ತಿದ್ದವು. “ಮಿಷನ್ ನಿಲ್ಲಿಸಿದ್ನಲ್ರೀ” ಎಂದಳು. “ಮಕ್ಕಳ ಬಾಯಿ ಮುಚ್ಚಿಸಿದ್ನಲ್ಲ ನಿಮಗೋಸ್ಕರ. ನಾಲ್ಕೂ ಮಕ್ಕಳು ರಾತ್ರಿ ಇಲ್ಲೇ ಮಲಗ್ತಾರೆ. ಕೇಳಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

ಮೇಸ್ತ್ರಿ ಬೈಸಿಕೊಂಡ, ತಲೆ ತಗ್ಗಿಸಿಕೊಂಡೇ ಬೈಸಿಕೊಂಡ. ಸಂದಿಯಕ್ಕ ಗಂಡನ ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಳು. ಬೈದು ಬೈದು ಹಿರಿಸೊಸೆಯ ದನಿ ಸೋತಿತು. ಪುಟ್ಟಿಯನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

“ಹೀಗೆ ಕೇಳಿಸದೇನೇ ನೀವು ಸೈ ಅಂದ ಮನೆಗಳು ಇನ್ನೆಷ್ಟಿವೆ?”

“ಇನ್ನಾವುದೂ ಇಲ್ಲಮ್ಮ” ಎಂದಳು ಸಂದಿಯಕ್ಕ ಥಟ್ಟನೆ. “ಕಿವಿ ಕೆಟ್ಟಾಗಿನಿಂದ ನಾನು ಜೊತೇಲೇ ಇದ್ದೀನಿ. ಒಂದೂ ತಪ್ಪೋಕೆ ಬಿಟ್ಟಿಲ್ಲ. ನಾನು ಇಲ್ಲದೆ ತಟ್ಟಿದ್ದು ಇದೊಂದೇ.”

ಮೇಸ್ತ್ರಿ ಅವಳಿಲ್ಲದೆ ತಾನೊಬ್ಬನೇ ತಟ್ಟಿದ ಮನೆಗಳನ್ನು ನೆನಪಿಸಿಕೊಂಡ. ಬಲಗೈ ಬೆರಳು ಮಡಚತೊಡಗಿದ. ಬಟ್ಟೆ ಅಂಗಡಿಯವರ ಗೋದಾಮು. ಅದು ನೆಲದಂತಸ್ತು, ಕೆಳಗೆ ಬರೀ ಮಣ್ಣು. ನಿವೃತ್ತ ಮೇಡಮ್ಮಿನ ಮನೆ. ಅದೂ ಮಣ್ಣಿನ ಮೇಲಿನದೇ. ಮೂರನೆಯ ಬೆರಳು ಅರ್ಧ ಮಡಚಿ ನಿಂತುಬಿಟ್ಟಿತು.

“ಏನು ಲೆಕ್ಕ ಹಾಕ್ತಿದ್ದೀರಿ?” ಎಂದಳು ಹೆಂಡತಿ. “ಕುಕ್ಕರ್ ಹೊತ್ತಿದ ಮೇಲೆ ಯಾವುದೂ ಇಲ್ಲ, ನನಗೆ ಗೊತ್ತಿಲ್ವಾ?”

“ಕುಕ್ಕರಿಗೂ ಮುಂಚೆಯಿಂದಾನೇ ಕೇಳ್ತಿರಲಿಲ್ಲ ಕಣೇ.”

“ಎಷ್ಟು ಮುಂಚೆ?”

ಅವನು ಅರ್ಧ ಮಡಚಿದ ಬೆರಳನ್ನೇ ನೋಡಿದ. “ಮೊಮ್ಮಗಳು ಹುಟ್ಟೋಕೂ ಮುಂಚೆ.”

ಸಂದಿಯಕ್ಕನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಮಗಳ ಮನೆಯ ಮಹಡಿ, ಹಳೇ ನೆಲ, ಅದರ ಮೇಲೆ ತಾತನ ಉಡುಗೊರೆ. ಕೆಳಗಿನ ಕೋಣೆಯಲ್ಲಿ ತೊಟ್ಟಿಲು. ಸುತ್ತಿಗೆ ಅವಳ ಕೈಯಿಂದ ಜಾರಿತು. ಸೊಂಟದಿಂದ ಫೋನು ಎಳೆದು, ಧೂಳಿನ ಬೆರಳಲ್ಲಿ ಎರಡು ಸಲ ತಪ್ಪಾಗಿ ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತಿ ಕಿವಿಗೆ ಹಿಡಿದಳು.

ಫೋನು ಆ ಕಡೆ ರಿಂಗಾಗುತ್ತಿದೆಯೋ, ಯಾರಾದರೂ ಎತ್ತಿದರೋ ಮೇಸ್ತ್ರಿಗೆ ತಿಳಿಯಲಿಲ್ಲ. ಅವನು ಹೆಂಡತಿಯ ಎದುರಿಗೆ ಬಂದು, ಅವಳ ಹುಬ್ಬನ್ನೇ ನೋಡುತ್ತಾ ನಿಂತ.